ನಾಳೆ ಹತ್ತರಿಂದ ನಾಲ್ಕರವರೆಗೆ ಕರೆಂಟಿಲ್ಲ

ನಾಳೆ ಬೆಳಗ್ಗೆ 10ರಿಂದ ಸಂಜೆ 4ರವರೆಗೆ ನಮ್ಮ ರಸ್ತೆಗೆ ಕರೆಂಟಿಲ್ಲ ಅಂತ ಮೆಸೇಜ್ ಬಂದು ಅರ್ಧ ಗಂಟೆ ಆಗಿದೆ. ಬಡಾವಣೆಯ ವಾಟ್ಸಾಪ್ ಗ್ರೂಪಿನಲ್ಲಿ ಆಗಲೇ ಜಾತ್ರೆ. "ಫೆಬ್ರವರಿಯಲ್ಲಿ ಮಳೆಯಿಲ್ಲ, ಗಾಳಿಯಿಲ್ಲ, ಇವರಿಗೇನು ಬಂತು ರೋಗ?" ಎನ್ನುವುದು ಒಟ್ಟು ತಾತ್ಪರ್ಯ.

ನಾನು ಸುಮ್ಮನಿದ್ದೇನೆ. ಯಾಕೆಂದರೆ ಕಳೆದ ವರ್ಷ ಇದೇ ಹೊತ್ತಿಗೆ ಆ ಮಾತು ಆಡಿದವನು ನಾನೇ. ಗ್ರೂಪಿನಲ್ಲಿ ಆಡಿದ್ದು ಸಾಲದು ಅಂತ ರಸ್ತೆಗೂ ಇಳಿದಿದ್ದೆ. ಏಣಿ, ಹಗ್ಗ, ಮಚ್ಚು ಹಿಡಿದು ಬಂದಿದ್ದ ನಾಲ್ಕು ಜನ ನಮ್ಮ ಮನೆ ಮುಂದಿನ ಗುಲ್‌ಮೊಹರಿನ ಕೊಂಬೆ ಸವರುತ್ತಿದ್ದರು. ನನಗೆ ಆಫೀಸಿನ ಕಾಲ್ ಇತ್ತು, ಲ್ಯಾಪ್‌ಟಾಪ್ ಬ್ಯಾಟರಿ ಕೊನೆಯುಸಿರು ಎಳೆಯುತ್ತಿತ್ತು. ಪಕ್ಕದ ಮನೆ ಆಂಟಿಗೆ ಇನ್ನೊಂದು ಸಂಕಟ: "ಇನ್ನೆರಡು ತಿಂಗಳಿಗೆ ಹೂ ಬಿಡೋ ಮರಾನ ಬೋಳು ಮಾಡ್ತೀರಲ್ಲಪ್ಪ." ಇಬ್ಬರೂ ಸೇರಿ ಅವರನ್ನು ಅರ್ಧಕ್ಕೇ ವಾಪಸು ಕಳಿಸಿದೆವು. ಗದಗಿನ ಕಡೆಯ ಲೈನ್‌ಮ್ಯಾನ್ ಹಗ್ಗ ಸುತ್ತುತ್ತಾ ಒಂದೇ ಮಾತು ಹೇಳಿದ: "ಈಗ ಎರಡ್ ತಾಸು ಕೊಡ್ರಿ ಸರ. ಇಲ್ಲಾಂದ್ರ ಮೇದಾಗ ಎರಡ್ ದಿನ ಕೊಡಬೇಕಾಗ್ತದ."

ಅವನ ಲೆಕ್ಕ ಸ್ವಲ್ಪ ತಪ್ಪಿತು. ಒಂದೂವರೆ ದಿನ ಆಯ್ತು ಅಷ್ಟೆ.

ಭರಣಿ ಮಳೆ. ಸಂಜೆ ಐದೂವರೆಗೆ ಆಕಾಶ ಕಪ್ಪಾಗಿ, ಮೊದಲು ಧೂಳು, ಆಮೇಲೆ ಆಲಿಕಲ್ಲು. ನಾವು ಉಳಿಸಿಕೊಟ್ಟ ಕೊಂಬೆಯೇ ಸರಿಯಾಗಿ 11 ಕೆವಿ ಲೈನಿನ ಮೇಲೆ ಬಿತ್ತು. ಒಂದು ಕಂಬ ಮುರಿದು, ಇನ್ನೊಂದು ಟಿಸಿಯ, ಅಂದರೆ ರಸ್ತೆಯ ಟ್ರಾನ್ಸ್‌ಫಾರ್ಮರಿನ, ಕಡೆಗೆ ವಾಲಿತು. ಮಾರನೇ ಬೆಳಗ್ಗೆ ಸಂಪಿನ ತುಂಬ ನೀರು, ನಲ್ಲಿಯಲ್ಲಿ ಮಾತ್ರ ಇಲ್ಲ. ಫ್ರಿಜ್ಜಿನ ದೋಸೆ ಹಿಟ್ಟು ಪಾತ್ರೆ ಬಿಟ್ಟು ಹೊರಗೆ ಬಂದಿತ್ತು. ಆ ಒಂದೂವರೆ ದಿನ ಗ್ರೂಪಿನಲ್ಲಿ ಯಾರೂ ಅಷ್ಟಾಗಿ ಬೈಯಲಿಲ್ಲ ಅನ್ನುವುದು ಗಮನಿಸಬೇಕಾದ ವಿಷಯ. "ಏನ್ ಮಳೆ ಕಣ್ರೀ" ಅಂತ ಸಮಾಧಾನ ಮಾಡಿಕೊಂಡರು. ಗಾಳಿಗೆ ಕರೆಂಟು ಹೋದರೆ ದೇವರ ಕೆಲಸ, ಹೇಳಿ ತೆಗೆದರೆ ಇಲಾಖೆಯ ಸೋಮಾರಿತನ. ನಮ್ಮ ಈ ಬುದ್ಧಿಯ ಬಗ್ಗೆಯೇ ನನ್ನ ತಕರಾರು.

ಎರಡು ಹನಿ ಬಿದ್ದರೆ ಸಾಕು ಕರೆಂಟ್ ತೆಗೀತಾರೆ ಅಂತೀವಿ. ಬಹಳ ಸಲ ಯಾರೂ ತೆಗೆದಿರುವುದಿಲ್ಲ, ಅದು ತಾನಾಗಿ ಟ್ರಿಪ್ ಆಗಿರುತ್ತದೆ. ನಾಲ್ಕು ತಿಂಗಳ ಧೂಳು, ಹೊಗೆ ಎಲ್ಲ, ತಂತಿಯ ಕರೆಂಟು ಕಂಬಕ್ಕೆ ಇಳಿಯದ ಹಾಗೆ ತಡೆಯುವ ಪಿಂಗಾಣಿ ಇನ್ಸುಲೇಟರಿಗೆ ಮೆತ್ತಿಕೊಂಡಿರುತ್ತದೆ. ಜೋರು ಮಳೆ ಬಂದರೆ ತೊಳೆದುಹೋದೀತು. ಸಣ್ಣ ಹನಿ ಬಿದ್ದಾಗ ಆ ಧೂಳು ಬರೀ ಒದ್ದೆಯಾಗಿ ಅದರ ಮೇಲೇ ಕರೆಂಟು ಹರಿಯಲು ದಾರಿಯಾಗುತ್ತದೆ. ಬಿಸಿಲಿಗೆ ಕಾದ ಹಳೇ ಪಿಂಗಾಣಿ ತಣ್ಣೀರು ತಾಗಿ ಬಿರುಕು ಬಿಡುವುದೂ ಉಂಟು. ತೂಗಾಡುವ ಕೊಂಬೆ ಲೈನಿಗೆ ತಾಗಿದರೂ ಸಬ್‌ಸ್ಟೇಷನ್ನಿನ ಬ್ರೇಕರ್ ಬಿಟ್ಟುಕೊಳ್ಳುತ್ತದೆ. ಬಿಟ್ಟುಕೊಳ್ಳದಿದ್ದರೆ ತುಂಡಾದ ತಂತಿ ಜೀವ ಇಟ್ಟುಕೊಂಡೇ ರಸ್ತೆಯಲ್ಲಿ ಬಿದ್ದಿರುತ್ತಿತ್ತು. ಇದಕ್ಕೆಲ್ಲ ಮದ್ದು ಏನಂದರೆ ಒರೆಸುವುದು, ಬಿರುಕು ಬಿಟ್ಟದ್ದನ್ನು ಬದಲಿಸುವುದು, ತಂತಿಗಳನ್ನು ಕೂಡಿಸುವ ಜಂಪರ್ ಸಡಿಲಾಗಿದ್ದರೆ ಬಿಗಿ ಮಾಡುವುದು, ಕೊಂಬೆ ಸವರುವುದು. ಏಣಿ, ಹಗ್ಗ ಹಿಡಿದು ಬರುವವರು ಒಂದನ್ನೂ ಲೈನಿನಲ್ಲಿ ಕರೆಂಟ್ ಇಟ್ಟುಕೊಂಡು ಮಾಡಲಾಗುವುದಿಲ್ಲ. ಅಲ್ಲಿಗೆ ಬಂತು ನೋಡಿ, ಹತ್ತರಿಂದ ನಾಲ್ಕು.

ಇನ್ನೊಂದು ತಮಾಷೆ. ಬಿರುಗಾಳಿಯ ಸಂಜೆ ಕರೆಂಟಿನ ಕೊರತೆ ಇರುವುದಿಲ್ಲ, ಜಾಸ್ತಿಯಾಗಿರುತ್ತದೆ! ಸಬ್‌ಸ್ಟೇಷನ್ನಿನಿಂದ ಬಡಾವಣೆಗಳಿಗೆ ಹೊರಡುವ ಲೈನುಗಳು, ಅಂದರೆ ಫೀಡರುಗಳು, ಒಂದರ ಹಿಂದೊಂದು ಟ್ರಿಪ್ ಆಗುತ್ತವೆ, ತಂಪಾಗಿ ಎಸಿ ಫ್ಯಾನು ನಿಲ್ಲುತ್ತವೆ, ಹಳ್ಳಿ ಕಡೆ ಪಂಪ್‌ಸೆಟ್ಟು ಬೇಡವಾಗುತ್ತದೆ. ಬೇಡಿಕೆ ದಡಕ್ಕನೆ ಕುಸಿದರೆ, 50 ಹರ್ಟ್ಸ್ ಆಸುಪಾಸಿನಲ್ಲೇ ಇರಬೇಕಾದ ಗ್ರಿಡ್ಡಿನ ಫ್ರೀಕ್ವೆನ್ಸಿ ಅದನ್ನು ದಾಟಿ ಏರುತ್ತದೆ. ಆಗ ಜಲವಿದ್ಯುತ್ ಇಳಿಸಬೇಕು. 1,035 ಮೆಗಾವಾಟಿನ ಶರಾವತಿಯಂಥದ್ದು ಇದಕ್ಕೇ ಒದಗುತ್ತದೆ, ಶಾಖೋತ್ಪನ್ನ ಸ್ಥಾವರವನ್ನು ಅಷ್ಟು ಬೇಗ ತಗ್ಗಿಸಲಾಗುವುದಿಲ್ಲ. 2020ರ ಏಪ್ರಿಲ್ 5ರ ರಾತ್ರಿ ಒಂಬತ್ತು ನಿಮಿಷ ದೀಪ ಆರಿಸಿದೆವಲ್ಲ, ದೇಶದ ಬೇಡಿಕೆ ಸುಮಾರು 31 ಸಾವಿರ ಮೆಗಾವಾಟ್ ಕುಸಿದಿತ್ತು. ಗ್ರಿಡ್ ತಡೆದುಕೊಂಡಿತು, ಯಾಕೆಂದರೆ ಮೊದಲೇ ಗೊತ್ತಿತ್ತು, ತಯಾರಿ ಆಗಿತ್ತು. ದೊಡ್ಡ ಗ್ರಿಡ್ ಕಾಯುವವರು ಹೀಗೆ ಮೊದಲೇ ಕೂತು ಲೆಕ್ಕ ಹಾಕುತ್ತಾರೆ. ನಮ್ಮ ರಸ್ತೆಯ ಕೊನೇ ಇನ್ನೂರು ಮೀಟರಿಗೆ ಆ ತಯಾರಿ ಬೇಡ ಎನ್ನುವವರು ನಾವು.

"ಎಲ್ಲ ಅಂಡರ್‌ಗ್ರೌಂಡ್ ಮಾಡಿಬಿಟ್ಟರೆ ಮುಗೀತು" ಅನ್ನುವ ವಾದ ಗ್ರೂಪಿನಲ್ಲಿ ಈಗ ಬಂತು. ಅರ್ಧ ಒಪ್ಪುತ್ತೇನೆ. 2014ರ ಅಕ್ಟೋಬರಿನಲ್ಲಿ ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣದ ಕಂಬಗಳನ್ನೆಲ್ಲ ಮಲಗಿಸಿದ ಮೇಲೆ ಅಲ್ಲಿ ನೆಲದಡಿ ಕೇಬಲ್ ಹಾಕುವ ಕೆಲಸ ಹಿಡಿದರು. ನಮ್ಮಲ್ಲೂ ಬೇಕಾದಷ್ಟು ಕಡೆ ಆಗಿದೆ. ಮನೆಗಳಿಗೆ ಹೋಗುವ ಬರೀ ತಂತಿಯ ಜಾಗದಲ್ಲಿ ಜಡೆ ಹೆಣೆದ ಹಾಗಿರುವ ಕಪ್ಪು ಕೇಬಲ್ ಬಂದಿದೆ, ಅದಕ್ಕೆ ಕೊಂಬೆ ತಾಗಿದರೂ ಶಾರ್ಟ್ ಆಗುವುದಿಲ್ಲ. ಆದರೆ ಮೇಲಿನ ಲೈನು ಕೆಟ್ಟರೆ ಟಾರ್ಚ್ ಹಾಕಿ ನೋಡಬಹುದು. ನೆಲದಡಿಯದು ಕೆಟ್ಟರೆ ಎಲ್ಲಿ ಅಂತ ಹುಡುಕಲು ವ್ಯಾನು ಬರಬೇಕು, ಅಗೆಯಬೇಕು, ಜಾಯಿಂಟ್ ಹಾಕಬೇಕು. ಬೆಂಗಳೂರಿನ ಜೆಸಿಬಿಗಳ ಹಸಿವು ನಿಮಗೆ ಗೊತ್ತೇ ಇದೆ.

ಅದಕ್ಕಿಂತ ನನ್ನನ್ನು ಕಾಡುವುದು ಬೇರು. ಕೇಬಲಿಗೆ ಅಂತ ಒಮ್ಮೆ ಅಗೆಯುತ್ತಾರೆ, ನೀರಿನ ಪೈಪಿಗೆ ಒಮ್ಮೆ, ಗ್ಯಾಸಿಗೆ, ಇಂಟರ್‌ನೆಟ್ಟಿಗೆ. ಪ್ರತಿ ಸಲವೂ ಮರದ ಒಂದು ಕಡೆಯ ಬೇರು ಹೋಗುತ್ತದೆ. ಆಮೇಲೆ ಬುಡದವರೆಗೆ ಕಾಂಕ್ರೀಟು. ಮೇಲೆ ಲೈನಿನ ಕಡೆಯ ಕೊಂಬೆ ಮಾತ್ರ ಕಡಿದು ಇನ್ನೊಂದು ಕಡೆ ಭಾರ ಬಿಟ್ಟಿರುತ್ತಾರೆ. ಒಂದೇ ಕಾಲಲ್ಲಿ ನಿಂತು ಒಂದೇ ಕಡೆ ಬಿಂದಿಗೆ ಹೊತ್ತ ಹಾಗಾಯ್ತು ಅದರ ಸ್ಥಿತಿ. 2024ರ ಜೂನ್ 2ರಂದು ಬೆಂಗಳೂರಿಗೆ ಒಂದೇ ದಿನ 111 ಮಿ.ಮೀ. ಮಳೆ ಬಂತು, ಜೂನ್ ತಿಂಗಳ ಮಟ್ಟಿಗೆ 1891ರ ದಾಖಲೆಯನ್ನೇ ಮುರಿಯಿತು. ಅವತ್ತು ನಗರದಲ್ಲಿ ಉರುಳಿದ ಮರಗಳಿಗೆ ಲೆಕ್ಕವಿಲ್ಲ. ಗಾಳಿಯದು ಕೊನೇ ತಳ್ಳು ಅಷ್ಟೇ ಅಂತ ನನ್ನ ಅನುಮಾನ. ಮರ ಸವರಲು ಒಬ್ಬರ ಒಪ್ಪಿಗೆ, ಕಡಿಯುವುದು ಇನ್ನೊಬ್ಬರು, ಫುಟ್‌ಪಾತಿನಲ್ಲಿ ಬಿದ್ದ ಸೊಪ್ಪು ಎತ್ತುವುದು ಮಗದೊಬ್ಬರು. ಪಾಲಿಕೆ ಒಂದಿದ್ದಾಗಲೇ ಹೀಗೆ, ಈಗ ಐದಾಗಿವೆ.

ನನ್ನ ಚಿಕ್ಕಪ್ಪನ ಮನೆ ತೀರ್ಥಹಳ್ಳಿ ಕಡೆ. ಅಲ್ಲಿ ಮಳೆಗಾಲಕ್ಕೆ ಸೌದೆ ಒಟ್ಟಿದ ಹಾಗೆ, ಹಪ್ಪಳ ಒಣಗಿಸಿದ ಹಾಗೆ ಲೈನಿನ ಹರೆ ಸವರುವುದೂ ಬೇಸಿಗೆಯ ಕೆಲಸ. ಲೈನ್‌ಮ್ಯಾನ್ ಬಂದರೆ ತೋಟದವರೇ ಕತ್ತಿ ಹಿಡಿದು ಜೊತೆಗೆ ಹೋಗುತ್ತಾರೆ. ನಾಲ್ಕು ದಿನ ಕತ್ತಲಲ್ಲಿ ಕೂತು ಕಲಿತ ಪಾಠ ಅದು. ಇಲ್ಲಿ ನಾವು ಇನ್ವರ್ಟರ್ ಕೊಂಡುಬಿಟ್ಟೆವು.

ಇನ್ವರ್ಟರಿನಿಂದ ಫ್ಯಾನು ತಿರುಗೀತು. ನೀರು? ಕಾವೇರಿ ನೀರು ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ, ಹಾರೋಹಳ್ಳಿ, ತಾತಗುಣಿಯಲ್ಲಿ ಮತ್ತೆ ಮತ್ತೆ ಪಂಪಾಗಿ ಗುಡ್ಡ ಹತ್ತಿ ಬರುತ್ತದೆ. ಅಲ್ಲಿಗೆ ಹೋಗುವ ಲೈನಿನ ಮೇಲೆ ಒಂದು ಮರ ಬಿದ್ದರೆ ಬಸವನಗುಡಿಯಲ್ಲಿ ಕೊಡ ಖಾಲಿ. ಗಾಳಿ ನಿಂತ ಮೇಲೆ ಮೊದಲು ಅಂಥ ಲೈನು, ಆಸ್ಪತ್ರೆ, ಆಮೇಲೆ ಸಾವಿರಾರು ಮನೆಯ ಫೀಡರು, ಕೊನೆಗೆ ನಿಮ್ಮ ಟಿಸಿ. ಎದುರು ರಸ್ತೆಗೆ ಬಂದು ನಮಗೆ ಬರಲಿಲ್ಲ ಅಂತ ಕೂಗಾಡುವ ಮುಂಚೆ ಎರಡೂ ರಸ್ತೆ ಬೇರೆ ಬೇರೆ ಫೀಡರಿನಲ್ಲಿರಬಹುದು ಅನ್ನುವುದು ನೆನಪಿರಲಿ.

ಮೂರನೇ ಮನೆಯವರು ತಾರಸಿಯ ಮೇಲೆ ಸೋಲಾರ್ ಹಾಕಿಸಿ, ಹೊರಗಿನ ಕರೆಂಟ್ ಹೋದಾಗ ಅದೂ ನಿಂತಿದ್ದಕ್ಕೆ ಮೋಸ ಹೋದೆ ಅಂದರು. ಮೋಸವಲ್ಲ. ಬ್ಯಾಟರಿಯಿಲ್ಲದ ಆ ತರಹದ್ದು ಲೈನು ಸತ್ತಾಗ ತಾನೂ ನಿಲ್ಲಲೇಬೇಕು, ಇಲ್ಲದಿದ್ದರೆ ಕಂಬದ ಮೇಲಿರುವವನಿಗೆ ಹಿಂದಿನಿಂದ ಕರೆಂಟ್ ಹರಿಯುತ್ತದೆ. ಹೊರಗಿನ ಲೈನೂ ಜನರೇಟರೂ ಒಟ್ಟಿಗೆ ಸೇರದ ಹಾಗೆ ತಡೆಯುವ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಜನರೇಟರ್ ಜೋಡಿಸಿರುವ ಅಂಗಡಿಯವರು ಇದನ್ನು ಎರಡು ಸಲ ಓದಿ.

ಮೇ ತಿಂಗಳ ಆ ರಾತ್ರಿ ಹನ್ನೊಂದಕ್ಕೆ ರೇನ್‌ಕೋಟು ಹಾಕಿಕೊಂಡು ನಮ್ಮ ರಸ್ತೆಗೆ ಬಂದವನು ಅದೇ ಗದಗಿನವನು. "ಹೇಳಿದ್ದೆನಲ್ರಿ" ಅಂತ ಒಂದು ಮಾತು ಆಡಲಿಲ್ಲ. ಟಾರ್ಚ್ ಹಿಡೀರಿ ಸರ ಅಂದ, ಹಿಡಿದೆ.

ಅವನೇ ನಾಳೆ ಬರುತ್ತಾನಂತೆ, ಈಗ ಫೋನ್ ಮಾಡಿದ್ದೆ. ಆಂಟಿಯನ್ನು ಒಪ್ಪಿಸಿದ್ದೇನೆ, ಎರಡೂ ಕಡೆ ಸಮನಾಗಿ ಸವರಬೇಕು ಅನ್ನುವ ಷರತ್ತಿನ ಮೇಲೆ. ಟಿಸಿ ಪಕ್ಕ ಬಿಳಿ ಸ್ವಿಫ್ಟ್ ನಿಲ್ಲಿಸಿರುವವರು ದಯವಿಟ್ಟು ಒಂಬತ್ತೂವರೆಯೊಳಗೆ ತೆಗೀರಿ, ಏಣಿ ಹಾಕೋಕೆ ಜಾಗ ಬೇಕಂತೆ.