ದುಡ್ಡು ಕೊಟ್ಟು ಕುಣಿಯುವ ಮೇಳ

ಮೊನ್ನೆ ಚಳಿಗಾಲದಲ್ಲಿ ನಮ್ಮ ಪಕ್ಕದ ಬೀದಿಯ ಅಕ್ಕ ಫೋನ್ ಮಾಡಿದರು. ಬ್ರಹ್ಮಾವರದ ಕಡೆಯವರು, ಇಲ್ಲಿ ಕ್ಯಾಲಿಫೋರ್ನಿಯಾಕ್ಕೆ ಬಂದು ಇಪ್ಪತ್ತು ವರ್ಷ ಆಗಿರಬೇಕು. ಅವರ ಮಗಳು ಹೈಸ್ಕೂಲ್ ಬ್ಯಾಂಡಿನಲ್ಲಿ ಸ್ನೇರ್ ಡ್ರಮ್ ಬಾರಿಸುತ್ತಾಳೆ. ಈಗ ಅವಳಿಗೆ ಸಾಂತಾ ಕ್ಲಾರಾ ವ್ಯಾನ್‌ಗಾರ್ಡ್ ಅನ್ನುವ ಡ್ರಮ್ ಕೋರ್ ತಂಡ ಸೇರುವ ಹುಚ್ಚು ಹಿಡಿದಿದೆ.

"ಅಲ್ಲ ಮಾರಾಯ್ರೆ, ದುಡ್ಡು ಕೊಡುವುದು ನಾವು. ಬೇಸಿಗೆ ಇಡೀ ಯಾವುದೋ ಶಾಲೆಯ ನೆಲದ ಮೇಲೆ ಮಲಗುವುದು ಇವಳು. ಇದು ಯಾವ ಲೆಕ್ಕ?"

ಲೆಕ್ಕ ನನಗೂ ಮೊದಲು ಅರ್ಥ ಆಗಿರಲಿಲ್ಲ. ಕುಂದಾಪುರದ ಹತ್ತಿರ ಯಕ್ಷಗಾನ ನೋಡಿಕೊಂಡು ಬೆಳೆದವನು ನಾನು. ಅಲ್ಲಿ ಕುಣಿಯುವವನಿಗೆ ಸಂಬಳ ಕೊಡುತ್ತಾರೆ. ಇಲ್ಲಿ ಕುಣಿಯುವವನೇ ಐದು ಸಾವಿರ ಡಾಲರ್ ಆಸುಪಾಸು ಕಟ್ಟಬೇಕು, ಕೆಲವು ಕಡೆ ಇನ್ನೂ ಜಾಸ್ತಿ.

ಡ್ರಮ್ ಕೋರ್ ಅಂದರೆ ಏನು ಅಂತ ಊರಿನವರು ಕೇಳಿದರೆ ನಾನು ಮೇಳ ಅಂತಲೇ ಹೇಳುತ್ತೇನೆ. ನೂರೈವತ್ತಕ್ಕೂ ಹೆಚ್ಚು ಹುಡುಗ ಹುಡುಗಿಯರು, ಹಿತ್ತಾಳೆಯ ತುತ್ತೂರಿಗಳು, ಡ್ರಮ್ಮು, ಬಾವುಟ. ಫುಟ್‌ಬಾಲ್ ಮೈದಾನವೇ ರಂಗಸ್ಥಳ. ಹನ್ನೊಂದು, ಹನ್ನೆರಡು ನಿಮಿಷದ ಒಂದೇ ಪ್ರಸಂಗ. ಅದನ್ನೇ ಜೂನ್ ಕೊನೆಯಿಂದ ಆಗಸ್ಟ್ ಎರಡನೇ ವಾರದವರೆಗೆ ಊರೂರಿಗೆ ಹೋಗಿ ಆಡುತ್ತಾರೆ. ರಾತ್ರಿ ಬಸ್ಸಿನಲ್ಲಿ ಪ್ರಯಾಣ, ಹಗಲು ಬಿಸಿಲಲ್ಲಿ ಹತ್ತು ಹನ್ನೆರಡು ಗಂಟೆ ಅಭ್ಯಾಸ, ಸಂಜೆ ಆಟ. ನಮ್ಮ ಮೇಳಗಳ ತಿರುಗಾಟ ದೀಪಾವಳಿ ಕಳೆದ ಮೇಲೆ ಶುರುವಾಗಿ ಮೇ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗೆ ನಡೆಯುತ್ತದೆ, ಮಳೆ ಬಂದರೆ ನಿಲ್ಲುತ್ತದೆ. ಇಲ್ಲಿ ಶಾಲೆಗೆ ರಜೆ ಸಿಕ್ಕಾಗ ಶುರು. ಹೊತ್ತು ಬೇರೆ, ಆದರೆ ಕಣ್ಣಿನ ಕೆಳಗಿನ ಕಪ್ಪು ಒಂದೇ.

ನಾನು ಮೊದಲು ನೋಡಿದ್ದು ಸ್ಟ್ಯಾನ್‌ಫರ್ಡ್ ಸ್ಟೇಡಿಯಂನಲ್ಲಿ. ಆಫೀಸಿನ ಗೆಳೆಯನೊಬ್ಬ ಎಳೆದುಕೊಂಡು ಹೋಗಿದ್ದ. ಆಟಕ್ಕೆ ಎರಡು ಗಂಟೆ ಮುಂಚೆಯೇ ಕರೆದ. "ಒಳಗೆ ಆಮೇಲೆ ಹೋಗೋಣ, ಮೊದಲು ಪಾರ್ಕಿಂಗ್ ಲಾಟ್ ನೋಡು" ಅಂದ. ಅಲ್ಲಿ ಡ್ರಮ್ಮಿನವರು ಕಮಾನಿನ ಹಾಗೆ ನಿಂತು ಕೈ ಬಿಸಿ ಮಾಡಿಕೊಳ್ಳುತ್ತಿದ್ದರು. ಸುತ್ತ ಇನ್ನೂರು ಜನ, ಎಲ್ಲರ ಕೈಯಲ್ಲಿ ಫೋನು. ಯಾರೂ ಮಾತಾಡುತ್ತಿಲ್ಲ. ಸಾಲಿನ ನಡುವೆ ನಿಂತ ಹುಡುಗ ಕೋಲಿನ ತುದಿಯಿಂದ ಡ್ರಮ್ಮಿನ ಅಂಚಿಗೆ ನಾಲ್ಕು ಸಲ ಟಕ್ ಟಕ್ ಅಂದ. ಅಷ್ಟೇ. ಒಂಬತ್ತು ಸ್ನೇರ್ ಡ್ರಮ್ಮುಗಳು ಒಂದೇ ಡ್ರಮ್ಮಿನ ಹಾಗೆ ಸಿಡಿದವು. ಆ ಡ್ರಮ್ಮಿನ ಹೊದಿಕೆ ಎಷ್ಟು ಬಿಗಿ ಅಂದರೆ ಶಬ್ದಕ್ಕೆ ಬಾಲವೇ ಇಲ್ಲ. ನನಗೆ ಸೀದಾ ನೆನಪಾದದ್ದು ಚೆಂಡೆ. ಚೌಕಿಯ ಹಿಂದೆ ಹೋಗಿ ಬಣ್ಣ ಹಾಕಿಕೊಳ್ಳುವುದನ್ನು ಕದ್ದು ನೋಡುತ್ತಿದ್ದ ಹುಡುಗ ನಾನು. ಆ ಪಾರ್ಕಿಂಗ್ ಲಾಟ್ ಅವರ ಚೌಕಿ.

ಆವತ್ತಿನಿಂದ ಹುಚ್ಚು ಹತ್ತಿತು. ವ್ಯಾನ್‌ಗಾರ್ಡ್ ನಮ್ಮ ಊರಿನದೇ ತಂಡ ಅನ್ನುವ ಅಭಿಮಾನ ಬೇರೆ.

ಹೆಸರಿಗೆ ಏನೂ ಕಮ್ಮಿ ಇಲ್ಲ. 1967ರಲ್ಲಿ ಕಟ್ಟಿದ ತಂಡ. 1973ರಲ್ಲಿ ಮೊದಲ ಸಲ ಡಿಸಿಐ, ಅಂದರೆ ಡ್ರಮ್ ಕೋರ್ ಇಂಟರ್‌ನ್ಯಾಷನಲ್ ಸ್ಪರ್ಧೆಯ ಚಾಂಪಿಯನ್, ಮರುವರ್ಷ ಮತ್ತೆ. ಆಮೇಲೆ 1978, 1981, 1989. 1999ರಲ್ಲಿ ಬ್ಲೂ ಡೆವಿಲ್ಸ್ ತಂಡದ ಜೊತೆ ಸಮಬಲ. ಅಲ್ಲಿಂದ ಹತ್ತೊಂಬತ್ತು ವರ್ಷ ಕಾದು 2018ರಲ್ಲಿ ಏಳನೆಯದು. ವರ್ಷದ ಅತ್ಯುತ್ತಮ ಡ್ರಮ್ ವಿಭಾಗಕ್ಕೆ ಕೊಡುವ ಬಹುಮಾನಕ್ಕೆ ಫ್ರೆಡ್ ಸ್ಯಾನ್‌ಫರ್ಡ್ ಹೆಸರಿದೆಯಲ್ಲ, ಅವರು ಎಪ್ಪತ್ತರ ದಶಕದಲ್ಲಿ ಈ ತಂಡಕ್ಕೆ ಡ್ರಮ್ ಕಲಿಸಿದವರು. ಹಳಬರು ಈಗಲೂ ಕೆಂಪು ಕೋಟು, ಆಸ್ಟ್ರೇಲಿಯಾದವರ ಥರದ ಟೋಪಿ, ಬಾಟಲ್ ಡ್ಯಾನ್ಸ್ ಅನ್ನುವ ಅವರ ಹೆಸರಾಂತ ಕುಣಿತ ಅಂತ ಕಣ್ಣು ತೇವ ಮಾಡಿಕೊಳ್ಳುತ್ತಾರೆ.

ಇಂಥ ತಂಡ 2023ರ ಬೇಸಿಗೆಯಲ್ಲಿ ಮೈದಾನಕ್ಕೇ ಇಳಿಯಲಿಲ್ಲ. ಕಾರಣ ದುಡ್ಡು.

ಇಲ್ಲಿ ಒಂದು ವಿಷಯ ಹೇಳಬೇಕು. ಈ ತಂಡವನ್ನು ಇಷ್ಟು ವರ್ಷ ಸಾಕಿದ್ದರಲ್ಲಿ ಬಿಂಗೊದ ಪಾಲು ದೊಡ್ಡದು. ನಮ್ಮ ಕ್ಲಬ್ಬುಗಳಲ್ಲಿ, ಕನ್ನಡ ಕೂಟದ ಪಿಕ್‌ನಿಕ್‌ಗಳಲ್ಲಿ ಆಡುತ್ತೇವಲ್ಲ ಹೌಸಿ ಹೌಸಿ, ಅದೇ. ವಾರವಾರ ಹಾಲ್‌ನಲ್ಲಿ ವಯಸ್ಸಾದವರು ಕೂತು ನಂಬರಿಗೆ ಚುಕ್ಕಿ ಹಾಕುತ್ತಾರೆ, ಆ ಲಾಭದಲ್ಲಿ ಹುಡುಗರ ಬಸ್ಸು ಓಡುತ್ತದೆ. ಕಾನ್‌ಕಾರ್ಡಿನ ಬ್ಲೂ ಡೆವಿಲ್ಸ್ ಕೂಡ ಹೀಗೆ ಬಿಂಗೊದ ಬಲದಿಂದಲೇ ಬೆಳೆದದ್ದು. 21 ಸಲ ಗೆದ್ದಿದ್ದಾರೆ ಅವರು! ಕೋವಿಡ್ ಬಂದಾಗ ಬಿಂಗೊ ಹಾಲ್ ಬಾಗಿಲು ಹಾಕಿತು. ಬಸ್ಸು, ಡೀಸೆಲ್, ಊಟ, ವಿಮೆ ಯಾವುದರ ಬೆಲೆಯೂ ಇಳಿಯಲಿಲ್ಲ.

ದುಡ್ಡು ಎಲ್ಲಿಂದ ಬರಬೇಕು ಅನ್ನುವ ಪ್ರಶ್ನೆಗೆ ಊರಲ್ಲಿ ಹಳೆಯ ಉತ್ತರ ಒಂದಿದೆ. ಹರಕೆ. ಮಂದಾರ್ತಿ, ಕಟೀಲು, ಧರ್ಮಸ್ಥಳದ ಮೇಳಗಳಿಗೆ ಆಟ ಆಡಿಸುತ್ತೇನೆ ಅಂತ ಹರಕೆ ಹೊತ್ತವರು ವರ್ಷಗಟ್ಟಲೆ ಸರದಿ ಕಾಯುತ್ತಾರೆ. ಆಟದ ಖರ್ಚು ಹರಕೆಯವರದು. ನೋಡುವವನಿಗೆ ಟಿಕೆಟ್ ಇಲ್ಲ. ಕಲಾವಿದನಿಗೆ ಇವತ್ತಿನ ಪ್ರೇಕ್ಷಕ ಎಷ್ಟು ಜನ ಅನ್ನುವ ಚಿಂತೆ ಇಲ್ಲ. ಅದೇ ಡೇರೆ ಮೇಳಗಳನ್ನು ನೋಡಿ. ಟಿಕೆಟ್ಟಿನ ಮೇಲೆ ನಿಂತವು ಒಂದೊಂದೇ ಡೇರೆ ಮಡಚಿದವು. ಸಾಲಿಗ್ರಾಮ, ಪೆರ್ಡೂರು ಮೇಳಗಳು ಉಳಿದುಕೊಂಡಿವೆ ಅಂದರೆ ಅದರ ಹಿಂದೆ ಯಜಮಾನರ ಎಷ್ಟು ನಿದ್ದೆಗೆಟ್ಟ ರಾತ್ರಿಗಳಿವೆಯೋ.

ಹಾಗಂತ ನಮ್ಮದೇ ಮೇಲು ಅಂತ ಹೇಳಲು ನಾನು ತಯಾರಿಲ್ಲ. ಹರಕೆಯಲ್ಲಿ ಒಂದು ಸೋಮಾರಿತನವೂ ಇದೆ. ಆಟ ಚೆನ್ನಾಗಿ ಆಗಲಿ ಬಿಡಲಿ, ಮುಂದಿನ ವರ್ಷದ ಬುಕಿಂಗ್ ತಪ್ಪುವುದಿಲ್ಲ. ಇಲ್ಲಿ ಹಾಗಿಲ್ಲ. ಪ್ರತಿ ರಾತ್ರಿ ತೀರ್ಪುಗಾರರು ನೂರಕ್ಕೆ ಎಷ್ಟು ಅಂತ ದಶಾಂಶದವರೆಗೆ ಅಳೆಯುತ್ತಾರೆ. ವ್ಯಾನ್‌ಗಾರ್ಡ್ 2018ರಲ್ಲಿ ಗೆದ್ದದ್ದು 98.625 ಅಂಕದಿಂದ. ನಮ್ಮಲ್ಲಿ ಇದಕ್ಕೆ ಹತ್ತಿರದ್ದು ಜೋಡಾಟ. ಒಂದೇ ಗದ್ದೆಯಲ್ಲಿ ಎರಡು ರಂಗಸ್ಥಳ, ಎರಡು ಮೇಳ, ಒಂದೇ ಪ್ರಸಂಗ. ಈ ಕಡೆ ಚೆಂಡೆ ಏರಿದರೆ ಆ ಕಡೆ ಇನ್ನೂ ಜೋರು. ಜನ ಯಾವ ಕಡೆ ವಾಲಿದರೋ ಅದೇ ತೀರ್ಪು. ಚಿಕ್ಕವನಿದ್ದಾಗ ನೋಡಿದ ಒಂದು ಜೋಡಾಟದಲ್ಲಿ ನನ್ನ ಅಜ್ಜ ರಾತ್ರಿ ಎರಡು ಗಂಟೆಗೆ ತನ್ನ ಮಡಚುವ ಕುರ್ಚಿಯನ್ನು ಎತ್ತಿಕೊಂಡು ಈ ರಂಗಸ್ಥಳದಿಂದ ಆ ರಂಗಸ್ಥಳದ ಮುಂದೆ ಹೋಗಿ ಕೂತರು. ಅದಕ್ಕಿಂತ ಕಟುವಾದ ಅಂಕ ಯಾವ ತೀರ್ಪುಗಾರನೂ ಕೊಡಲಾರ.

ಇನ್ನು ಪ್ರತಿಭೆಯ ಮಾತು. ಹಳೆಯ ಹೆಸರು ಇದ್ದರೆ ಹುಡುಗರು ಬಂದೇ ಬರುತ್ತಾರೆ ಅಂತ ಹಳಬರು ನಂಬುತ್ತಾರೆ. ನನಗೆ ಅದು ಅರ್ಧ ನಿಜ ಅನಿಸುತ್ತದೆ. ಹೆಸರು ಆಡಿಷನ್‌ವರೆಗೆ ಕರೆದುಕೊಂಡು ಬರುತ್ತದೆ. ಆಮೇಲೆ ಹುಡುಗ ನೋಡುವುದು ಯಾರು ಕಲಿಸುತ್ತಾರೆ, ಕಳೆದ ವರ್ಷ ಎಷ್ಟನೇ ಸ್ಥಾನ, ಎಷ್ಟು ದುಡ್ಡು, ಇವೇ. ಒಂದು ಕಾಲದಲ್ಲಿ ಅಮೆರಿಕದಲ್ಲಿ ಇಂಥ ನೂರಾರು ತಂಡಗಳಿದ್ದವು. ಆ ಕೇರಿಯ ಹುಡುಗ ಆ ಕೇರಿಯ ತಂಡದಲ್ಲೇ ಬಾರಿಸುತ್ತಿದ್ದ. ಈಗ ಉಳಿದಿರುವುದು ಕೆಲವೇ ಡಜನ್. ಟೆಕ್ಸಾಸಿನ ಹುಡುಗ ವಿಮಾನ ಹತ್ತಿ ಕ್ಯಾಲಿಫೋರ್ನಿಯಾಕ್ಕೆ ಬರುತ್ತಾನೆ. ವಿಮಾನ ಹತ್ತಿ ಬಂದವನು ಮುಂದಿನ ವರ್ಷ ಬೇರೆ ಕಡೆಗೂ ಹತ್ತಬಲ್ಲ. ಇಪ್ಪತ್ತೊಂದು ಇಪ್ಪತ್ತೆರಡು ವಯಸ್ಸಾದರೆ ಎಲ್ಲರೂ ಹೊರಗೆ. ಅವನ ಕೈಯಲ್ಲಿ ಇರುವುದೇ ಮೂರೋ ನಾಲ್ಕೋ ಬೇಸಿಗೆ. ಗೆಲ್ಲುವ ಮೇಳ ಹುಡುಕಿದರೆ ತಪ್ಪು ಅನ್ನಲು ಬರುತ್ತದಾ? ನಮ್ಮಲ್ಲೂ ಒಳ್ಳೆಯ ಭಾಗವತರು ಮೇಳ ಬದಲಿಸಿದರೆ ಅವರ ಹಿಂದೆ ಅಭಿಮಾನಿಗಳೂ ಗಂಟು ಕಟ್ಟುತ್ತಾರೆ, ಅಲ್ವಾ?

ಬಾಸ್ಟನ್ ಕ್ರುಸೇಡರ್ಸ್ ಕಥೆ ಇಲ್ಲಿ ನೋಡಬೇಕು. 1940ರ ತಂಡ ಅದು, ವ್ಯಾನ್‌ಗಾರ್ಡಿಗಿಂತಲೂ ಹಳೆಯದು. ಆದರೂ ಡಿಸಿಐ ಫೈನಲ್‌ಗೆ ಮೊದಲ ಸಲ ಬಂದದ್ದು 1999ರಲ್ಲಿ. 2016ರಲ್ಲಿ ಹನ್ನೆರಡನೇ ಸ್ಥಾನ. ಆಮೇಲೆ ಹೊಸ ಮೇಷ್ಟ್ರುಗಳು ಬಂದರು, ಮರುವರ್ಷವೇ ಆರನೇ ಸ್ಥಾನ. 2025ರಲ್ಲಿ ಚಾಂಪಿಯನ್. ಎಂಬತ್ತೈದು ವರ್ಷದ ಹೆಸರು ಮಾಡದ ಕೆಲಸವನ್ನು ಒಳ್ಳೆಯ ಮೇಷ್ಟ್ರುಗಳು ಎಂಟು ಬೇಸಿಗೆಯಲ್ಲಿ ಮಾಡಿದರು. ಆ ಮೇಷ್ಟ್ರುಗಳಿಗೆ ಸಂಬಳ ಕೊಡಲು ಹಿಂದೆ ಯಾರೋ ದುಡ್ಡು ಜೋಡಿಸಿದ್ದರು ಅನ್ನುವುದನ್ನೂ ಮರೆಯಬಾರದು.

ಹೆಸರನ್ನೇ ನಂಬಿ ಕೂತರೆ ಏನಾಗುತ್ತದೆ ಅನ್ನುವುದಕ್ಕೂ ಉದಾಹರಣೆ ಇದೆ. ನ್ಯೂಜೆರ್ಸಿಯಲ್ಲಿ 1934ರಲ್ಲಿ ಹುಟ್ಟಿದ ಕೆಡೆಟ್ಸ್ ತಂಡ ಹತ್ತು ಸಲ ಡಿಸಿಐ ಗೆದ್ದಿತ್ತು. 2024ರ ಶುರುವಿನಲ್ಲಿ ಬಾಗಿಲು ಹಾಕಿತು. ಹಳೆಯ ಕಾಲದ ಲೈಂಗಿಕ ದೌರ್ಜನ್ಯದ ಮೊಕದ್ದಮೆಯ ಭಾರವನ್ನು ಅದಕ್ಕೆ ಹೊರಲಾಗಲಿಲ್ಲ. ಮಕ್ಕಳನ್ನು ಕಾಯದ ತಂಡಕ್ಕೆ ಹತ್ತು ಕಪ್ ಇದ್ದರೆಷ್ಟು, ಬಿಟ್ಟರೆಷ್ಟು. ಅದೇ 1934ರಲ್ಲಿ ಹೊನ್ನಾವರದ ಕಡೆ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳ ಕಟ್ಟಿದರು. ಅದು ನಾಲ್ಕನೇ ತಲೆಮಾರಿಗೆ ಬಂದು ನಿಂತಿದೆ. ಅವರ ಮಗ ಶಂಭು ಹೆಗಡೆಯವರು ಗುಣವಂತೆಯಲ್ಲಿ ಕಲಿಸುವ ಕೇಂದ್ರವನ್ನೂ ಕಟ್ಟಿದ್ದರು. ಮೇಳಕ್ಕೆ ಹುಡುಗರು ಎಲ್ಲಿಂದ ಬರಬೇಕು ಅನ್ನುವ ಪ್ರಶ್ನೆಗೆ ಅವರು ಅಂಗಳದಲ್ಲೇ ಉತ್ತರ ಹುಡುಕಿಕೊಂಡರು.

ವ್ಯಾನ್‌ಗಾರ್ಡಿಗೂ ಇದು ಗೊತ್ತಿಲ್ಲದ್ದೇನಲ್ಲ. ಕಿರಿಯರ ತಂಡ ಕಟ್ಟಿ ಅಲ್ಲೂ ಗೆದ್ದವರು ಅವರು. ನಮ್ಮಲ್ಲಿ ಹುಡುಗ ಮೊದಲು ಕೋಡಂಗಿ, ಆಮೇಲೆ ಬಾಲಗೋಪಾಲ, ಆಮೇಲೆ ಸ್ತ್ರೀವೇಷ, ಪುಂಡುವೇಷ ಅಂತ ಒಂದೊಂದೇ ಮೆಟ್ಟಿಲು ಹತ್ತುತ್ತಾನಲ್ಲ, ಹಾಗೆ. ಆದರೆ ಈ ಸಿಲಿಕಾನ್ ಕಣಿವೆಯಲ್ಲಿ ಒಂದು ಬೆಡ್‌ರೂಮಿನ ಮನೆಯ ಬಾಡಿಗೆಯೇ ಮೂರು ಸಾವಿರ ಡಾಲರ್ ಹತ್ತಿರ. ಇಲ್ಲಿ ಡ್ರಮ್ ಕಲಿಸುವ ಹುಡುಗ ಎಲ್ಲಿ ಮನೆ ಮಾಡಬೇಕು? ತಂಡಕ್ಕೆ ದೊಡ್ಡ ಅಡ್ಡಿ ಬ್ಲೂ ಡೆವಿಲ್ಸ್ ಅಲ್ಲ, ಈ ಊರಿನ ಬಾಡಿಗೆ ಅಂತ ನನ್ನ ಗುಮಾನಿ. ಸುತ್ತ ಇಷ್ಟು ದೊಡ್ಡ ಕಂಪನಿಗಳಿವೆ. ನಮ್ಮಂಥವರು ಅಲ್ಲಿ ದುಡಿದು, ಮಕ್ಕಳನ್ನು ಕೋಡಿಂಗ್ ಕ್ಲಾಸಿಗೆ ಕಳಿಸಿ, ಡ್ರಮ್ ಕೋರ್ ಅಂದರೆ "ಅದರಿಂದ ಏನು ಉಪಯೋಗ" ಅನ್ನುತ್ತೇವೆ. ನಾನೂ ಅಂದವನೇ.

2023ರಲ್ಲಿ ನಿಂತದ್ದು ಅವಮಾನ ಅಂತ ತುಂಬ ಜನ ಹೇಳಿದರು. ನಾನು ಒಪ್ಪುವುದಿಲ್ಲ. ಸಾಲ ಮಾಡಿ ಬಸ್ಸು ಹೊರಡಿಸಿ, ನಡುದಾರಿಯಲ್ಲಿ ಡೀಸೆಲ್ಲಿಗೆ ದುಡ್ಡಿಲ್ಲದೆ ನೂರೈವತ್ತು ಮಕ್ಕಳನ್ನು ನಿಲ್ಲಿಸುವುದಕ್ಕಿಂತ, ಈ ವರ್ಷ ಗೆಜ್ಜೆ ಕಟ್ಟುವುದಿಲ್ಲ ಅಂದದ್ದು ಮರ್ಯಾದೆಯ ಕೆಲಸ. 2024ರಲ್ಲಿ ಮತ್ತೆ ಬಂದರು, ಬಂದ ವರ್ಷವೇ ಇಂಡಿಯಾನಪೊಲಿಸ್‌ನ ಫೈನಲ್‌ನಲ್ಲಿ ನಿಂತರು. ಒಂದು ವರ್ಷ ಚದುರಿಹೋದ ಮೇಲೂ ಹುಡುಗರು ಬಂದರು ಅಂದರೆ ಹೆಸರಿನಲ್ಲಿ ಇನ್ನೂ ಬಿಸಿ ಇದೆ. ಆದರೆ ಆ ಬಿಸಿಯನ್ನು ಹುಡುಗರ ಜೇಬಿನಿಂದಲೇ ಕಾಯಿಸುತ್ತ ಹೋದರೆ, ಕೊನೆಗೆ ಉಳಿಯುವವರು ಬಾರಿಸಬಲ್ಲವರಲ್ಲ, ದುಡ್ಡು ಕಟ್ಟಬಲ್ಲವರು. ಹಾಗೆ ಆದ ದಿನ ಪಾರ್ಕಿಂಗ್ ಲಾಟ್‌ನಲ್ಲಿ ಜನ ಫೋನು ಕೆಳಗಿಳಿಸುತ್ತಾರೆ. ನಮ್ಮ ಹರಕೆಯ ಥರ ಏನಾದರೂ ಒಂದು ಇವರಿಗೂ ಬೇಕು. ದೇವರ ಹೆಸರಲ್ಲೇ ಆಗಬೇಕೆಂದಿಲ್ಲ. ಒಂದು ಮನೆಯವರು ಒಬ್ಬ ಹುಡುಗನ ಬೇಸಿಗೆಯ ಖರ್ಚು ಹೊತ್ತರೂ ಸಾಕು.

ಅಕ್ಕನಿಗೆ ಇಷ್ಟೆಲ್ಲ ಹೇಳಲಿಲ್ಲ. ಭಾನುವಾರ ಅವರ ಮನೆಗೆ ಹೋದೆ. ಮಗಳು ಗ್ಯಾರೇಜಿನಲ್ಲಿ ಆಡಿಷನ್ ವಿಡಿಯೊ ಮಾಡುತ್ತಿದ್ದಳು. ಅಕ್ಕಿ ಮೂಟೆ, ಹಳೆಯ ಸೈಕಲ್ಲು, ನಡುವೆ ಸ್ಟ್ಯಾಂಡಿನ ಮೇಲೆ ರಬ್ಬರ್ ಪ್ಯಾಡ್. ಫೋನ್ ಹಿಡಿಯುವ ಕೆಲಸ ನನಗೆ ಬಂತು. ಆರು ಸಲ ತಪ್ಪಿತು, ಏಳನೆಯದು ಸರಿಯಾಯಿತು. ಮಣಿಕಟ್ಟು ಮಾತ್ರ ಅಲುಗುತ್ತಿತ್ತು, ಭುಜ ಅಲುಗುತ್ತಿರಲಿಲ್ಲ. ಅಪ್ಪ ಒಂದು ಮೂಲೆಯಲ್ಲಿ ಕೈ ಕಟ್ಟಿಕೊಂಡು ನೋಡಿದರು, ಮಾತಾಡಲಿಲ್ಲ.

ಅಕ್ಕ ಬಾಗಿಲಲ್ಲೇ ನಿಂತಿದ್ದರು. "ದುಡ್ಡಿನದು ಹೇಗೋ ನೋಡುವ. ನೆಲದ ಮೇಲೆ ಮಲಗುವುದೂ ಇರಲಿ. ದಿನಕ್ಕೆ ನಾಲ್ಕು ಹೊತ್ತು ಊಟ ಲಾರಿಯಲ್ಲೇ ಮಾಡಿ ಕೊಡ್ತಾರಂತಲ್ಲ, ಅದರಲ್ಲಿ ಅನ್ನ ಇರ್ತದಾ?"