ಮನುಷ್ಯರಿಗೆ ಏನೂ ಆಗಲ್ವಂತೆ, ಸರಿ. ಮನೆ ಕೊಳದ ಮೀನಿಗೆ?

"ಇದು ಸೇಫ್ ಔಷಧಿ ಕಣ್ರೀ, ಮಕ್ಕಳಿದ್ರೂ ಏನೂ ಆಗಲ್ಲ." ಸೊಳ್ಳೆಗೆ, ಇರುವೆಗೆ, ಗೆದ್ದಲಿಗೆ ಸ್ಪ್ರೇ ಹೊಡೆಯೋರ ಬಾಯಲ್ಲಿ ಇದೊಂದೇ ಮಾತು. ಕೇಳಿ ಕೇಳಿ ತಲೆ ಕೆಟ್ಟಿದೆ.

ಡಬ್ಬಿ ಮೇಲೆ ಏನು ಬರೆದಿದೆ ನೋಡಿದ್ದೀರಾ? ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್, ಪರ್ಮೆಥ್ರಿನ್, ಯಾವುದಿದ್ರೂ ಮೀನಿಗೆ ಘೋರ ವಿಷ. ನಮ್ಮ ದೇಹ ಅದನ್ನ ಬೇಗ ಒಡೆದು ಹೊರಗೆ ಹಾಕುತ್ತೆ, ಮೀನಿಗೆ ಆ ಶಕ್ತಿ ತುಂಬಾ ಕಮ್ಮಿ. ಮೇಲಾಗಿ ಕಿವಿರು ನೀರಲ್ಲಿರೋ ವಿಷವನ್ನ ನೇರ ರಕ್ತಕ್ಕೆ ಎಳ್ಕೊಳ್ಳುತ್ತೆ. ಲೀಟರಿಗೆ ಕೆಲವೇ ಮೈಕ್ರೋಗ್ರಾಂ ಸಾಕು. 25% ಸೈಪರ್‌ಮೆಥ್ರಿನ್ ಬರೀ 1 ಮಿಲಿ 2,000 ಲೀಟರ್ ಕೊಳಕ್ಕೆ ಸೇರಿದ್ರೆ ಲೀಟರಿಗೆ ಸುಮಾರು 125 ಮೈಕ್ರೋಗ್ರಾಂ ಆಯ್ತು. ಒಂದು ಮೀನೂ ಉಳಿಯಲ್ಲ.

ಹೊಡೆಯೋ ಹಿಂದಿನ ದಿನ ಪಕ್ಕದ ಮನೆಯವರಿಗೆ ಒಂದು ಮಾತು ಹೇಳೋಕೆ ಏನು ಕಷ್ಟ? ಕೊಳ ಇರೋರು ಅದರ ಮೇಲೆ ಟಾರ್ಪಾಲು ಹಾಸಿ, ನೀರಿಗೆ ಗಾಳಿ ಊದೋ ಏರ್ ಪಂಪ್ ನಿಲ್ಲಿಸಿದ್ರೆ ಅರ್ಧ ಅಪಾಯ ತಪ್ಪುತ್ತೆ. ಪಂಪ್ ಓಡ್ತಾ ಇದ್ರೆ ಔಷಧಿ ಹೊಗೆಯನ್ನೂ ಎಳೆದು ನೀರಿಗೇ ಊದುತ್ತೆ! ಹೊಗೆ ಕರಗಿದ ಕೂಡಲೇ ಪಂಪ್ ಮತ್ತೆ ಹಾಕಿ, ಟಾರ್ಪಾಲಿನ ಹನಿ ಕೊಳಕ್ಕೆ ಬೀಳದ ಹಾಗೆ ಮಡಚಿ ತೆಗೀರಿ. ಮಳೆ ನೀರು ಹರಿದು ಬರದ ಹಾಗೆ ಕೊಳದ ಅಂಚು ನೆಲಕ್ಕಿಂತ 10–15 ಸೆಂ.ಮೀ. ಎತ್ತರ ಇರಲೇಬೇಕು.

ಇನ್ನು ಮೀನು ಒದ್ದಾಡೋದು ಕಂಡ ತಕ್ಷಣ ಮೆಡಿಸಿನ್ ಸುರಿಯೋರು. ರೋಗ ಅಂತ ಯಾರು ಹೇಳಿದ್ರು? ಮೊದಲು ನೀರು ನೋಡಿ. ಬೆಳಗಿನ ಜಾವ ದೊಡ್ಡ ಮೀನುಗಳೇ ಮೊದಲು ಮೇಲೆ ಬಂದು ಬಾಯಿ ಬಿಡ್ತಿದ್ರೆ ಆಮ್ಲಜನಕ ಕಮ್ಮಿ. ನೀರಿನ ಹುಳಗಳೆಲ್ಲ ಸತ್ತು, ಬಸವನಹುಳು ಮಾತ್ರ ಆರಾಮಾಗಿದ್ದು, ಮೀನು ಸುತ್ತು ಹೊಡೀತಾ ನಡುಗ್ತಿದ್ರೆ ಕೀಟನಾಶಕದ ಮೇಲೇ ಅನುಮಾನ. ಬಸವನಹುಳುಗಳೇ ಮೊದಲು ಸತ್ರೆ ತಾಮ್ರ ಸೇರಿರಬಹುದು. ಕೀಟನಾಶಕ ಅನ್ನಿಸಿದ್ರೆ ಮೀನನ್ನ ಬೇರೆ ಒಳ್ಳೆ ನೀರಿಗೆ ಹಾಕಿ, ಫಿಲ್ಟರಿಗೆ ಹೊಸ ಆಕ್ಟಿವೇಟೆಡ್ ಕಾರ್ಬನ್ (ವಿಷ ಹೀರೋ ಇದ್ದಿಲು) ತುಂಬಿ. ತಳದ ಕೆಸರು ಕದಡಬೇಡಿ, ಈ ವಿಷ ಅಂಟಿ ಕೂರೋದೇ ಅಲ್ಲಿ. ಪೈಪ್ ಇಟ್ಟು ಕೆಸರನ್ನ ನಿಧಾನಕ್ಕೆ ಎಳೆದು ಹೊರಗೆ ಹಾಕಿ.

ಹಾಗಂತ ನಲ್ಲಿ ಪೈಪನ್ನೇ ಕೊಳಕ್ಕೆ ಬಿಟ್ಟು ನೀರು ಬದಲಾಯಿಸ್ತೀರಲ್ಲ, ಅದೂ ಕೊಲೆನೇ. ಕ್ಲೋರಿನ್ ಕಿವಿರನ್ನ ಸುಡುತ್ತೆ. 1,000 ಲೀಟರ್ ನಲ್ಲಿ ನೀರಲ್ಲಿ ಲೀಟರಿಗೆ 2 ಮಿ.ಗ್ರಾಂ. ಕ್ಲೋರಿನ್ ಇದ್ರೆ ಅದನ್ನ ತೆಗೆಯೋಕೆ ಸುಮಾರು 14 ಗ್ರಾಂ ಸೋಡಿಯಂ ಥಯೋಸಲ್ಫೇಟ್ ಹರಳು ಬೇಕು. ಬೇರೆ ಡ್ರಮ್ಮಲ್ಲಿ ಕರಗಿಸಿ, ಕಲಸಿ, ಆಮೇಲೆ ಬಿಡಿ. ಒಂದೆರಡು ದಿನ ಗಾಳಿ ಆಡಿಸಿ ಇಟ್ರೆ ಕ್ಲೋರಿನ್ ತಾನೇ ಹೋಗುತ್ತೆ, ಆದ್ರೆ ಕ್ಲೋರಮಿನ್ (ಕ್ಲೋರಿನ್ ಜೊತೆ ಅಮೋನಿಯ ಸೇರಿದ್ದು) ಹಾಗೆ ಹೋಗಲ್ಲ. ಅದಕ್ಕೆ ಥಯೋಸಲ್ಫೇಟ್ ಹಾಕಿದ್ರೂ ಅಮೋನಿಯ ಉಳ್ಕೊಳ್ಳುತ್ತೆ. ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) 8 ದಾಟಿದ ನೀರಲ್ಲಿ ಅದು ಇನ್ನೂ ಜೋರು ವಿಷ. ಅಮೋನಿಯ ಕಿಟ್ಟಲ್ಲಿ ನೋಡದೆ ಒಂದು ಬಕೆಟ್ಟೂ ಸುರೀಬೇಡಿ.