ಇನ್ನು ಮೂರೇ ಪರ್ಸೆಂಟ್ ಸಾರ್

ಭಾನುವಾರ ಸಂಜೆ ಮೈಸೂರಿನಿಂದ ಬೆಂಗಳೂರಿಗೆ ಹಿಂದಿರುಗುವ ಪ್ರತಿಯೊಬ್ಬರೂ, ತಾವು ಸ್ವಲ್ಪ ಬೇಗ ಹೊರಟಿರುವುದರಿಂದ ರಸ್ತೆ ಖಾಲಿ ಇರುತ್ತದೆಂದು ನಂಬಿಯೇ ಹೊರಡುತ್ತಾರೆ. ಅದೇ ನಂಬಿಕೆಯಿಂದ ಹೊರಟ ವಿದ್ಯುತ್ ಕಾರಿನವರೆಲ್ಲ ಮದ್ದೂರಿನ ಆಸುಪಾಸಿನಲ್ಲಿ, ಸರ್ವಿಸ್ ರಸ್ತೆಗೆ ಅಂಟಿಕೊಂಡ ಯಾವುದಾದರೊಂದು ಹೋಟೆಲಿನ ಅಂಗಳದಲ್ಲಿ ಮುಖಾಮುಖಿಯಾಗುತ್ತಾರೆ. 119 ಕಿಲೋಮೀಟರಿನ ಈ ಹೆದ್ದಾರಿ ಬಂದ ಮೇಲೆ ಊರುಗಳೆಲ್ಲ ಬದಿಗೆ ಸರಿದಿವೆ. 2023ರ ಆಗಸ್ಟ್‌ನಿಂದ ಬೈಕು, ಆಟೊ, ಟ್ರ್ಯಾಕ್ಟರುಗಳನ್ನೂ ಮುಖ್ಯ ಪಥದಿಂದ ಹೊರಗಿಟ್ಟಿದ್ದಾರೆ. ಹೀಗಾಗಿ ಕಾರಿನವರು ನೂರರ ವೇಗದಲ್ಲಿ ಹೋಗುತ್ತಾರೆ, ವೇಗ ಹೆಚ್ಚಿದಂತೆಲ್ಲ ಬ್ಯಾಟರಿ ಕರಗುತ್ತದೆ, ಕಂಪನಿಯವರು ಜಾಹೀರಾತಿನಲ್ಲಿ ಹೇಳಿದ ದೂರಕ್ಕೂ ಕಾರಿನ ಪರದೆ ತೋರಿಸುವ ದೂರಕ್ಕೂ ನಡುವೆ ಇಡೀ ಮಂಡ್ಯ ಜಿಲ್ಲೆಯೇ ಕಾಣೆಯಾಗುತ್ತದೆ. ಕಳೆದ ಭಾನುವಾರ ನಾನೂ ಅಂಥದೊಂದು ಅಂಗಳವನ್ನು ಹೊಕ್ಕೆ. ಸಿಟ್ಟು ಇನ್ನೂ ಆರಿಲ್ಲವಾದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಅಲ್ಲಿದ್ದ ಚಾರ್ಜಿಂಗ್ ಯಂತ್ರಕ್ಕೆ ಎರಡು ಗನ್ನುಗಳು, ಅಂದರೆ ಕಾರಿಗೆ ಸಿಕ್ಕಿಸುವ ಕೇಬಲ್ಲಿನ ಹಿಡಿಗಳು. ಅವುಗಳಲ್ಲಿ ಒಂದು ಕೆಟ್ಟಿತ್ತು. ಕೆಟ್ಟಿದೆ ಎನ್ನಲಾಗುವ ಎಷ್ಟೋ ಚಾರ್ಜರುಗಳು ನಿಜಕ್ಕೂ ಕೆಟ್ಟಿರುವುದಿಲ್ಲ. ಯಾರೋ ಪುಣ್ಯಾತ್ಮರು ಕೆಂಪು ತುರ್ತುಗುಂಡಿಯನ್ನು ಒತ್ತಿ ಹೋಗಿರುತ್ತಾರೆ, ಅದನ್ನು ತಿರುಗಿಸಿ ಮೇಲೆಬ್ಬಿಸಿದರೆ ಯಂತ್ರಕ್ಕೆ ಜೀವ ಬರುತ್ತದೆ. ಆ ವಿದ್ಯೆಯನ್ನು ನಾನು ಪ್ರಯೋಗಿಸಿದೆನಾದರೂ ಇದು ಪ್ರಾಮಾಣಿಕವಾಗಿಯೇ ಕೆಟ್ಟಿದ್ದ ಗನ್ನು. ಇನ್ನೊಂದು, ಒಂದು ಬಿಳಿ ಕಾರಿನ ಮೂತಿಗೆ ಸಿಕ್ಕಿಕೊಂಡಿತ್ತು. ಕಾರಿನಲ್ಲಿ ಯಾರೂ ಇರಲಿಲ್ಲ. ಯಂತ್ರದ ಪರದೆ ಶೇಕಡ 88 ಎಂದು ತೋರಿಸುತ್ತಿತ್ತು. ಎಂಬತ್ತೆಂಟು ಎಂಬ ಅಂಕೆಯನ್ನು ಕಂಡ ಪೆಟ್ರೋಲ್ ಕಾರಿನವರಿಗೆ ಸಂತೋಷವಾದೀತು, ಇನ್ನು ಹನ್ನೆರಡಷ್ಟೇ ಬಾಕಿ ಎಂದು. ವಿದ್ಯುತ್ ಕಾರಿನವರಿಗೆ ಹೊಟ್ಟೆಯೊಳಗೆ ಏನೋ ಕಳಚಿದಂತಾಗುತ್ತದೆ. ಏಕೆಂದರೆ ಈ ವೇಗದ ಚಾರ್ಜರುಗಳು ಸುಮಾರು ಎಂಬತ್ತರವರೆಗೆ ಧಾರಾಳವಾಗಿ ಸುರಿದು, ಆಮೇಲೆ ಬ್ಯಾಟರಿಯ ಆರೋಗ್ಯದ ದೃಷ್ಟಿಯಿಂದ ಕೈ ಬಿಗಿಹಿಡಿಯುತ್ತವೆ. ಮೇಲಕ್ಕೆ ಹೋದಷ್ಟೂ ಬಿಗಿ ಹೆಚ್ಚುತ್ತದೆ. ಜಾಹೀರಾತುಗಳಲ್ಲೆಲ್ಲ ‘ಹತ್ತರಿಂದ ಎಂಬತ್ತಕ್ಕೆ ಇಷ್ಟು ನಿಮಿಷ’ ಎಂದು ಬರೆದಿರುವುದಕ್ಕೆ ಕಾರಣ ಇದೇ. ಎಂಬತ್ತರ ಆಚೆಗಿನ ಕಥೆಯನ್ನು ಯಾವ ಕಂಪನಿಯೂ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸುವುದಿಲ್ಲ.

ಕಾರಿನ ಗಾಜಿನ ಮೇಲೆ ಫೋನ್ ನಂಬರಿನ ಚೀಟಿಯೂ ಇರಲಿಲ್ಲ. ಹೋಟೆಲಿನ ಒಳಗೆ ಹೋಗಿ, ಕನ್ನಡಕ ಕಳೆದುಕೊಂಡವರನ್ನು ಹುಡುಕುವ ದನಿಯಲ್ಲಿ, ‘ಹೊರಗಿರುವ ಬಿಳಿ ಕಾರು, ಹಸಿರು ನಂಬರ್ ಪ್ಲೇಟು ಯಾರದು?’ ಎಂದು ವಿಚಾರಿಸಿದೆ. ಯಜಮಾನರು ಕಿಟಕಿಯ ಪಕ್ಕದ ಮೇಜಿನಲ್ಲಿ, ತಮ್ಮ ಕಾರು ಚೆನ್ನಾಗಿ ಕಾಣುವಂತೆ, ಅಂದರೆ ಅದರ ಹಿಂದೆ ಅಷ್ಟು ಹೊತ್ತಿನಿಂದ ನಿಂತಿದ್ದ ನಾನೂ ಚೆನ್ನಾಗಿ ಕಾಣುವಂತೆ ಕುಳಿತು, ಮಸಾಲೆದೋಸೆ ತಿನ್ನುತ್ತಿದ್ದರು. ಸಜ್ಜನರು. ನನ್ನನ್ನು ಕಂಡು ನಕ್ಕರು, ಕುಳಿತುಕೊಳ್ಳಿ ಎಂದರು. ‘ಆಯ್ತು ಸಾರ್, ಇನ್ನೇನು ನೂರಾಗಿಬಿಡ್ತು’ ಎಂದು ಅವರು ಹೇಳುವಾಗ ಹೊರಗೆ ತೊಂಬತ್ತೊಂದಾಗಿತ್ತು.

ಎಲ್ಲಿಗೆ ಹೊರಟಿದ್ದೀರಿ ಎಂದು ಕೇಳಿದೆ. ಕೆಂಗೇರಿಗೆ ಎಂದರು. ಮದ್ದೂರಿನಿಂದ ಕೆಂಗೇರಿಗೆ ಸುಮಾರು 65 ಕಿಲೋಮೀಟರು. ಅವರ ಕಾರು ನೂರು ಪ್ರತಿಶತ ತುಂಬಿಕೊಂಡರೆ ಕೆಂಗೇರಿಯನ್ನು ದಾಟಿ, ಇಡೀ ಬೆಂಗಳೂರನ್ನು ಸೀಳಿಕೊಂಡು, ತುಮಕೂರನ್ನೂ ನೋಡಿಕೊಂಡು ಬರುವಷ್ಟು ದೂರ ಹೋಗಬಲ್ಲದು. ಇದನ್ನು ನಾನು ಆದಷ್ಟು ಮೆತ್ತಗೆ ತಿಳಿಸಿದೆ. ‘ದಾರಿಯಲ್ಲಿ ಏನಾದರೂ ಆದರೆ?’ ಎಂದರು. ಆ ದಾರಿಯಲ್ಲಿ ಇರುವುದು ಚನ್ನಪಟ್ಟಣ, ರಾಮನಗರ, ಬಿಡದಿ. ಬಿಡದಿಯಲ್ಲಿ ತಟ್ಟೆ ಇಡ್ಲಿಯ ಆಸೆಗೆ ಹೆದ್ದಾರಿಯಿಂದ ಇಳಿಯುವುದನ್ನು ಬಿಟ್ಟರೆ ಬೇರಾವ ಅಪಾಯವೂ ನನಗೆ ಹೊಳೆಯಲಿಲ್ಲ. ಮನೆಯಲ್ಲಿ ಚಾರ್ಜರ್ ಇಲ್ಲವೇ ಎಂದು ಕೇಳಿದೆ. ಇದೆ ಎಂದರು, ಕಾರಿನೊಂದಿಗೇ ಕೊಟ್ಟಿದ್ದಂತೆ, ಗೋಡೆಗೆ ಚೆನ್ನಾಗಿ ಕೂರಿಸಿಕೊಟ್ಟಿದ್ದಾರಂತೆ. ಮನೆಯ ಕರೆಂಟಿನ ದರಕ್ಕೆ ಹೋಲಿಸಿದರೆ ಇಲ್ಲಿನ ದರ ಎಷ್ಟೋ ದುಬಾರಿ, ಅದರ ತಲೆಯ ಮೇಲೆ ಶೇಕಡ 18 ಜಿಎಸ್‌ಟಿ ಬೇರೆ. ಜಿಪುಣತನದಿಂದ ಹೀಗೆ ಮಾಡುತ್ತಿದ್ದರೆ ಕ್ಷಮಿಸಿಬಿಡಬಹುದಿತ್ತು. ಕೈಯಿಂದ ದುಡ್ಡು ಹಾಕಿ ಮಾಡುತ್ತಿದ್ದರು.

ಆಮೇಲೆ ಅವರ ಸಿದ್ಧಾಂತ ಹೊರಬಿತ್ತು. ಅವರ ಬ್ಯಾಟರಿ ಲಿಥಿಯಂ ಐರನ್ ಫಾಸ್ಫೇಟ್ ಜಾತಿಯದು. ಅದನ್ನು ಆಗಾಗ ನೂರರವರೆಗೆ ತುಂಬಿಸಬೇಕೆಂದು ಕಂಪನಿಯ ಪುಸ್ತಕದಲ್ಲೇ ಬರೆದಿದೆ. ಮಾತು ಸುಳ್ಳಲ್ಲ. ಆ ಬಗೆಯ ಬ್ಯಾಟರಿಯಲ್ಲಿ ಎಷ್ಟು ಉಳಿದಿದೆಯೆಂಬ ಲೆಕ್ಕ ಕಾರಿಗೆ ಸರಿಯಾಗಿ ಸಿಗಲು, ಕೋಶಗಳೆಲ್ಲ ಒಂದೇ ಮಟ್ಟಕ್ಕೆ ಬರಲು, ಆಗೊಮ್ಮೆ ಈಗೊಮ್ಮೆ ಪೂರ್ತಿ ತುಂಬಿಸುವುದು ಒಳ್ಳೆಯದೇ. ಆದರೆ ಅದು ರಾತ್ರಿ ಮನೆಯ ಗೋಡೆಗೆ ಸಿಕ್ಕಿಸಿ, ಮಲಗಿ, ಬೆಳಿಗ್ಗೆ ಎದ್ದು ನೋಡಬೇಕಾದ ಕೆಲಸ. ಭಾನುವಾರ ಸಂಜೆ, ಊರಿಗೆಲ್ಲ ಇರುವ ಒಂದೇ ಗನ್ನಿನಲ್ಲಿ, ಹಿಂದೆ ಮೂರು ಕಾರುಗಳು ನಿಂತಿರುವಾಗ ಆಚರಿಸಬೇಕಾದ ವ್ರತವಲ್ಲ. (ಮೂರು ಎಂದೆ, ನನ್ನ ಹಿಂದೆ ಅಷ್ಟರಲ್ಲಿ ಇನ್ನೆರಡು ಕಾರುಗಳು ಬಂದು ಸೇರಿದ್ದವು.)

ತೊಂಬತ್ತನಾಲ್ಕಾಯಿತು. ತೊಂಬತ್ತೈದಾಯಿತು. ಅರವತ್ತು ಕಿಲೋವ್ಯಾಟ್ ಕೊಡಬಲ್ಲ ಆ ಯಂತ್ರ, ಹನ್ನೊಂದಕ್ಕೆ, ಏಳಕ್ಕೆ, ಕೊನೆಗೆ ಬಚ್ಚಲುಮನೆಯ ಎರಡು ಗೀಜರ್ ಉರಿಸುವ ನಾಲ್ಕಕ್ಕೆ ಇಳಿದು ನಿಂತಿತು. ತೊಂಬತ್ತೇಳಕ್ಕೆ ಬಂದ ಮೇಲೆ ಕಾಲವೇ ನಿಂತುಹೋಯಿತು. ‘ಇನ್ನು ಮೂರೇ ಪರ್ಸೆಂಟ್ ಸಾರ್’ ಎಂದು ಅವರು ನನ್ನ ಭುಜ ತಟ್ಟಿದರು, ನಾವಿಬ್ಬರೂ ಸೇರಿ ಯಾವುದೋ ಮಹತ್ಕಾರ್ಯವನ್ನು ದಡ ಮುಟ್ಟಿಸುತ್ತಿದ್ದೇವೆ ಎನ್ನುವಷ್ಟು ಸಲಿಗೆಯಿಂದ. ಹಿಂದಿನ ಕಾರಿನಿಂದ ಇಳಿದಿದ್ದ ಪುಟ್ಟ ಹುಡುಗಿಯೊಬ್ಬಳು ತನ್ನ ತಂದೆಯನ್ನು, ‘ಅಪ್ಪಾ, ಈ ಅಂಕಲ್ ಯಾವಾಗ ನೂರಾಗ್ತಾರೆ?’ ಎಂದು ಕೇಳಿದಳು. ಅವರಿಗೆ ಆಗಲೇ ಅರವತ್ತು ದಾಟಿದ್ದಿರಬಹುದು. ಉಳಿದದ್ದನ್ನು ಅವರು ಇಲ್ಲೇ ಪೂರೈಸುತ್ತಾರೇನೋ ಎಂದು ನನಗೂ ಅನ್ನಿಸತೊಡಗಿತ್ತು.

ಕೊನೆಗೂ ನೂರಾಯಿತು. ಅವರು ಪರದೆಯ ಫೋಟೊ ತೆಗೆದುಕೊಂಡರು. ಗನ್ನು ಹಿಡಿದು ಎಳೆದರು, ಬರಲಿಲ್ಲ. ಚಾರ್ಜ್ ಆಗುವಾಗ ಕಾರು ಆ ಗನ್ನನ್ನು ಒಳಗಿನಿಂದ ಕಚ್ಚಿ ಹಿಡಿದಿರುತ್ತದೆ, ಕಾರಿನ ಬೀಗ ತೆಗೆಯದೆ ಬಿಡುವುದಿಲ್ಲ. ಕಾರಿನ ಕೀಲಿ ಅವರ ಶ್ರೀಮತಿಯವರ ಕೈಚೀಲದಲ್ಲಿತ್ತು. ಕೈಚೀಲ ಶ್ರೀಮತಿಯವರ ಹೆಗಲಲ್ಲಿತ್ತು. ಶ್ರೀಮತಿಯವರು ಕೆಂಗೇರಿಯ ಅಕ್ಕಪಕ್ಕದ ಮನೆಗಳಿಗೆಲ್ಲ ಆಗುವಷ್ಟು ಮದ್ದೂರು ವಡೆ ಕಟ್ಟಿಸಿಕೊಳ್ಳಲು ಸಾಲಿನಲ್ಲಿ ನಿಂತಿದ್ದರು. ಆ ಸಾಲು, ನ್ಯಾಯವಾಗಿ ಹೇಳಬೇಕೆಂದರೆ, ನಮ್ಮದಕ್ಕಿಂತ ಬೇಗ ಸಾಗುತ್ತಿತ್ತು. ಕೀಲಿ ಬಂತು, ಗನ್ನು ಬಂತು, ಅದು ತನ್ನ ಗೂಡಿಗೆ ಹೋಗದೆ ನೆಲದ ಮೇಲೆ ಮಲಗಿತು. ದಂಪತಿಗಳು ಒಳಗೆ ಕುಳಿತು, ಬೆಲ್ಟು ಹಾಕಿ, ವಡೆಯ ಪೊಟ್ಟಣಗಳಿಗೆ ಜಾಗ ಮಾಡಿ, ಫೋನಿನಲ್ಲಿ ನಕ್ಷೆ ತೆರೆದು, ತಮ್ಮ ಸ್ವಂತ ಮನೆಗೆ ದಾರಿ ಹುಡುಕಿದರು. ಹೊರಡುವಾಗ ಗಾಜು ಇಳಿಸಿ ಯಜಮಾನರು ಹೇಳಿದ್ದು: ‘ಬರ್ತೀನಿ ಸಾರ್. ಆರಾಮಾಗಿ ಹಾಕ್ಕೊಳ್ಳಿ, ಈಗ ಖಾಲಿ ಇದೆ.’

ಕೆಲವು ಚಾರ್ಜಿಂಗ್ ಕಂಪನಿಗಳು, ಚಾರ್ಜ್ ಮುಗಿದ ಮೇಲೂ ಕಾರು ಕದಲದಿದ್ದರೆ ನಿಮಿಷಕ್ಕಿಷ್ಟು ಎಂದು ದಂಡ ಹಾಕುತ್ತವೆ. ಒಳ್ಳೆಯದೇ. ಆದರೆ ಈ ದಂಡ ಹಾಕುವುದು ಚಾರ್ಜ್ ಮುಗಿಸಿ ಮರೆತು ಮಲಗಿದವರಿಗೆ. ತೊಂಬತ್ತೇಳರಲ್ಲಿ ತಪಸ್ಸಿಗೆ ಕುಳಿತವರಿಗೆ ಚಾರ್ಜ್ ಮುಗಿಯುವುದೇ ಇಲ್ಲವಾದ್ದರಿಂದ ದಂಡವೂ ಇಲ್ಲ. ಎಂಬತ್ತರ ನಂತರ ಯೂನಿಟ್ಟಿನ ದರವನ್ನೇ ಎರಡರಷ್ಟು ಮಾಡಬೇಕೆಂದು ನನ್ನ ಸಲಹೆ. ಅವರಿಗೆ ಅದೂ ತಾಗದಿರಬಹುದು, ಹಿಂದೆ ನಿಂತವರಿಗೆ ಕೊಂಚ ಸಮಾಧಾನವಾದರೂ ಸಿಕ್ಕೀತು.

ಉಳಿದ ಜಾತಿಗಳ ಪರಿಚಯ ನಿಮಗೂ ಇದ್ದೇ ಇರುತ್ತದೆ. ಚಾರ್ಜರಿಗೆ ಮೇಲ್ಛಾವಣಿ ಇದೆಯೆಂಬ ಒಂದೇ ಕಾರಣಕ್ಕೆ ಅದರ ನೆರಳಲ್ಲಿ ಡೀಸೆಲ್ ಗಾಡಿಯನ್ನು ತಂದು ನಿಲ್ಲಿಸುವವರಿದ್ದಾರೆ. ‘ಐದೇ ನಿಮಿಷ ಸಾರ್, ಬರ್ತಾರೆ’ ಎಂದು ಅವರ ಪರವಾಗಿ ವಾದಿಸುವ ಕಾವಲುಗಾರರಿದ್ದಾರೆ. ತಮ್ಮ ಕಾರು ಇನ್ನೂ ಶ್ರೀರಂಗಪಟ್ಟಣದಲ್ಲಿರುವಾಗಲೇ ಬೈಕಿನಲ್ಲಿ ಮುಂದೆ ಬಂದ ಭಾಮೈದನನ್ನು ಚಾರ್ಜರಿನ ಮುಂದೆ ನಿಲ್ಲಿಸುವವರನ್ನೂ ನೋಡಿದ್ದೇನೆ. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಿದ್ದ ನಾಡಿನವರಾದ ನಮಗೆ ಅದು ತಪ್ಪೆಂದೂ ತೋರುವುದಿಲ್ಲ. ಇನ್ನೊಂದು ಗನ್ನಿಗೆ ನಾವು ಕಾರು ಸಿಕ್ಕಿಸಿದ ಕೂಡಲೇ, ಯಂತ್ರದ ಅರವತ್ತು ಕಿಲೋವ್ಯಾಟ್ ಎರಡು ಮೂವತ್ತಾಗಿ ಹಂಚಿಹೋಗುವುದರಿಂದ, ಮೊದಲು ಬಂದವರು ನಮ್ಮನ್ನು ಆಸ್ತಿಯಲ್ಲಿ ಪಾಲು ಕೇಳಲು ಬಂದ ದಾಯಾದಿಗಳಾಗಿ ನೋಡುತ್ತಾರೆ. ಫೋನಿನೊಳಗೆ ಹತ್ತಾರು ಆ್ಯಪುಗಳಲ್ಲಿ ಚೂರುಚೂರಾಗಿ ಸಿಕ್ಕಿಕೊಂಡಿರುವ ನಮ್ಮ ದುಡ್ಡಿನ ವಿಷಯವನ್ನು ಇಲ್ಲಿ ಎತ್ತಿದರೆ ಈ ಬರಹವೂ ತೊಂಬತ್ತೇಳರಲ್ಲೇ ನಿಲ್ಲುತ್ತದೆ.

ಹಾಗೆಂದು ಮೊದಲಿನಿಂದಲೂ ಹೀಗೇ ಇತ್ತೆಂದಲ್ಲ. 2001ರಲ್ಲಿ ಇದೇ ಬೆಂಗಳೂರಿನಲ್ಲಿ ಹುಟ್ಟಿದ ಪುಟಾಣಿ ರೇವಾ ಕಾರನ್ನು ಕೊಂಡವರು ಅದನ್ನು ಮನೆಯ 15 ಆಂಪಿಯರ್ ಸಾಕೆಟ್ಟಿಗೆ ಸಿಕ್ಕಿಸಿಕೊಳ್ಳುತ್ತಿದ್ದರಾದ್ದರಿಂದ, ಸಾಲಿನಲ್ಲಿ ಇನ್ನೊಬ್ಬರ ಮುಖ ನೋಡುವ ಪ್ರಮೇಯವೇ ಇರಲಿಲ್ಲ. ಆಮೇಲೆ ಹಸಿರು ಫಲಕದ ಕಾರುಗಳು ಅಪರೂಪಕ್ಕೊಂದು ಕಾಣತೊಡಗಿದ ಕಾಲದಲ್ಲಿ, ಚಾರ್ಜರಿನ ಬಳಿ ಇನ್ನೊಬ್ಬರು ಸಿಕ್ಕರೆ ದೂರದ ನೆಂಟರು ಸಿಕ್ಕಷ್ಟು ಸಂಭ್ರಮವಾಗುತ್ತಿತ್ತು. ‘ನಿಮ್ಮದು ಎಷ್ಟು ಕೊಡುತ್ತೆ?’ ಎಂಬುದೇ ಕುಶಲಪ್ರಶ್ನೆ. ಶಿರಾಡಿ ಘಾಟಿ ಇಳಿಯುವಾಗ ಬ್ರೇಕಿನಿಂದಲೇ ಬ್ಯಾಟರಿಗೆ ಎಷ್ಟು ವಾಪಸು ಬಂತೆಂದು ಒಬ್ಬರು ಹೇಳಿದರೆ, ಅದನ್ನೇ ಹತ್ತುವಾಗ ಎಷ್ಟು ಹೋಯಿತೆಂದು ಇನ್ನೊಬ್ಬರು ಹೇಳುತ್ತಿದ್ದರು. ಸಕಲೇಶಪುರದ ಬಳಿ ಸಿಕ್ಕವರೊಬ್ಬರು, ಮುಂದೆ ಚಾರ್ಜರ್ ಕೆಟ್ಟಿದೆಯೆಂದು ನನಗೆ ತಿಳಿಸಿ, ತಮಗೆ ಮನೆ ಹತ್ತಿರವೆಂದು ಅರ್ಧಕ್ಕೇ ಗನ್ನು ತೆಗೆದು ಕೈಗೆ ಕೊಟ್ಟು ಹೋಗಿದ್ದರು. ಅವರ ಹೆಸರನ್ನೂ ಕೇಳಿರಲಿಲ್ಲ. ಈಗ ಕಾರುಗಳು ಹೆಚ್ಚಿವೆ, ಅದು ಸಂತೋಷದ ಸಂಗತಿ; ಆದರೆ ಯಾರೂ ಯಾರನ್ನೂ ‘ಎಷ್ಟು ಕೊಡುತ್ತೆ’ ಎಂದು ಕೇಳುವುದಿಲ್ಲ, ‘ಎಷ್ಟು ಹೊತ್ತಾಗುತ್ತೆ’ ಎಂದಷ್ಟೇ ಕೇಳುತ್ತಾರೆ.

ಪೆಟ್ರೋಲ್ ಬಂಕಿನಲ್ಲಿ ಈ ಸಮಸ್ಯೆ ಏಕಿಲ್ಲವೆಂದರೆ ಅಲ್ಲೊಬ್ಬ ಮನುಷ್ಯನಿದ್ದಾನೆ. ‘ಜೀರೋ ನೋಡಿ ಸಾರ್’ ಎಂದು ಶುರು ಮಾಡಿ, ಮುಗಿದ ಕೂಡಲೇ ಬಾನೆಟ್ಟಿನ ಮೇಲೆ ಎರಡು ಬಡಿದು, ಮುಂದಕ್ಕೆ ಎಂದು ಕೈ ಬೀಸುತ್ತಾನೆ. ಮಂತ್ರಿಯಾದರೂ ಮುಂದಕ್ಕೆ ಹೋಗುತ್ತಾರೆ. 2017ರಲ್ಲೇ, ದೇಶದಲ್ಲಿ ಎಲ್ಲರಿಗಿಂತ ಮೊದಲು, ವಿದ್ಯುತ್ ವಾಹನಗಳಿಗೆಂದು ನೀತಿ ರೂಪಿಸಿದ ರಾಜ್ಯ ನಮ್ಮದು. ರಿಯಾಯಿತಿ, ಬಂಡವಾಳ, ಬೆಸ್ಕಾಂ, ಎಲ್ಲವೂ ಲೆಕ್ಕಕ್ಕೆ ಬಂದವು. ಬಾನೆಟ್ ಬಡಿಯುವವನನ್ನು ಮಾತ್ರ ಎಲ್ಲರೂ ಮರೆತರು.

ಅಂಥವರೊಬ್ಬರನ್ನು ಮೊನ್ನೆ ವಿಮಾನ ನಿಲ್ದಾಣದ ರಸ್ತೆಯ ಚಾರ್ಜಿಂಗ್ ಕೇಂದ್ರವೊಂದರಲ್ಲಿ ಕಂಡೆ. ಅಲ್ಲಿ ಬರುವವರೆಲ್ಲ ಹಸಿರು ಫಲಕಕ್ಕೆ ಹಳದಿ ಅಕ್ಷರದ ಟ್ಯಾಕ್ಸಿಯವರು. ಗನ್ನು ಖಾಲಿ ಕುಳಿತರೆ ಅವರಿಗೆ ಬಾಡಿಗೆ ತಪ್ಪುತ್ತದೆಯಾದ್ದರಿಂದ, ಸರ್ಕಾರವಾಗಲಿ ಕಂಪನಿಯಾಗಲಿ ಹೇಳದೆಯೇ ತಮ್ಮಷ್ಟಕ್ಕೆ ತಾವೇ ಒಂದು ವ್ಯವಸ್ಥೆ ಮಾಡಿಕೊಂಡಿದ್ದಾರೆ. ಹಿರಿಯ ಚಾಲಕರೊಬ್ಬರು ಶಾಲೆಯ ಮಕ್ಕಳ ನೋಟ್‌ಬುಕ್ಕಿನಲ್ಲಿ ಬಂದವರ ಗಾಡಿಯ ಕೊನೆಯ ನಾಲ್ಕು ಅಂಕೆಗಳನ್ನು ಬರೆದುಕೊಳ್ಳುತ್ತಾರೆ. ಎಂಬತ್ತಾದ ಗಾಡಿ ಕದಲಲೇಬೇಕು, ಅದರ ಚಾಲಕ ನಿದ್ದೆ ಮಾಡುತ್ತಿದ್ದರೆ ಗಾಜು ತಟ್ಟಿ ಎಬ್ಬಿಸಲಾಗುತ್ತದೆ. ಅವರಲ್ಲಿ ಯಾರೂ ಬ್ಯಾಟರಿಯ ರಸಾಯನಶಾಸ್ತ್ರದ ಬಗ್ಗೆ ಮಾತನಾಡಿದ್ದನ್ನು ನಾನು ಕೇಳಲಿಲ್ಲ. ನನ್ನ ನಾಲ್ಕು ಅಂಕೆಗಳನ್ನೂ ಅದೇ ಪುಸ್ತಕದಲ್ಲಿ, ಸ್ವಂತ ಕಾರೆಂಬ ಮುಲಾಜಿಲ್ಲದೆ ಬರೆದುಕೊಂಡರು. ನಾನು ಪಕ್ಕದ ಗೂಡಂಗಡಿಯಲ್ಲಿ ಕಾಫಿ ಹಿಡಿದು ನಿಂತಿದ್ದಾಗ, ಅಷ್ಟು ದೂರದಿಂದಲೇ, ಇಡೀ ಅಂಗಳಕ್ಕೆ ಕೇಳುವಂತೆ ನನ್ನ ನಂಬರನ್ನು ಕೂಗಿ, ‘ಎಂಬತ್ತಾಯ್ತು, ತೆಗೀರಿ!’ ಎಂದರು. ಲೋಟವನ್ನು ಅಲ್ಲೇ ಇಟ್ಟು ಓಡಿದೆ. ಹೋಗಿ ತಲುಪುವಷ್ಟರಲ್ಲಿ ಎಂಬತ್ತೊಂದಾಗಿತ್ತು. ಆ ಒಂದಕ್ಕೂ ಅವರು ನನ್ನನ್ನು ಗುರಾಯಿಸಿ ನೋಡಿದರು.